ತಿದಿ ತುಳಿದವರು

ಆರ್ಗನ್ನಿನ ಬೆನ್ನಿಗೊಂದು ಬಾಗಿಲಿದೆ, ಸೊಂಟದೆತ್ತರದ್ದು.
ಎದುರುಗಡೆ ಚಿನ್ನದ ರೇಕು, ಕಹಳೆಯೂದುವ ದೇವದೂತರು.
ಆ ಚಿನ್ನ ಇತ್ತ ಹಾಯ್ದಿಲ್ಲ.
ಹಲ್ಲಲ್ಲಿ ಟಾರ್ಚು ಕಚ್ಚಿ ತೆವಳಿಕೊಂಡು ಹೋದೆ
ಇಲಿ ತಿಂದ ಚರ್ಮದ ಅಳತೆ ತೆಗೆಯಲು.

ಮೂರು ತಿದಿ. ಒಂದೊಂದೂ ಮಂಚದಷ್ಟು.
ಹಾರ್ಮ್ಸ್‌ವಾರ್ಡೆನ್ನಿನ ಈ ಇಗರ್ಜಿಯಲ್ಲಿ
ಮದುವೆಗೆ ಮೊಳಗಿದ್ದು, ಮಣ್ಣಿಗೆ ಮೊರೆದದ್ದು
ಎಲ್ಲ ಇಲ್ಲಿಂದೆದ್ದ ಗಾಳಿ.

ಪೈನ್ ಹಲಗೆಯ ಮೇಲೆ ಪೆನ್ಸಿಲ್ಲಿನ ಬರಹ,
ನಾನು ಕತ್ತೆತ್ತಿ ಓದುವಷ್ಟು ಮೇಲೆ:
ಏಲರ್ಟ್ ಫೋಕನ್, ತಿದಿ ತುಳಿಯುವವ, ೧೮೮೧ರಿಂದ.
ಕೆಳಗೆ:
ಚಳಿ. ಗಂಟೆಯ ಹಗ್ಗ ಸೆಟೆದಿದೆ.
ಹೊಸ ಪಾದ್ರಿ. ಪ್ರವಚನ ಎರಡು ನಿದ್ದೆಯಷ್ಟು ಉದ್ದ.
ಕಡಲು ಒಡ್ಡು ಹಾರಿತು. ಹನ್ನೊಂದು ಪೆಟ್ಟಿಗೆ. ದಿನವಿಡೀ ತುಳಿದೆ.
ಹೊಸ ವಾದಕ ಗಾಳಿಬಾಕ. ಬೆರಳು ಅವನದು, ಬೆವರು ನನ್ನದು.

ವಾದಕರ ಹೆಸರು ಹದಿನಾಲ್ಕೂ
ಹೊರಗೋಡೆಯ ಅಮೃತಶಿಲೆಯಲ್ಲಿವೆ. ಕೊಳವೆ ಹೊಯ್ದವನದೂ,
ಆ ಕಲ್ಲಿಗೆ ದುಡ್ಡು ಕೊಟ್ಟ ಹಿಟ್ಟಿನ ಗಿರಣಿಯವನದೂ.
ಏಲರ್ಟ್ ಇರುವುದು ಖರ್ಚಿನ ಪುಸ್ತಕದಲ್ಲಿ,
ಮೇಣದಬತ್ತಿಗೂ ಇಲಿಪಾಷಾಣಕ್ಕೂ ನಡುವೆ.

೧೮೯೭ರ ಚಳಿಗಾಲದಾಚೆ ಅಕ್ಷರವೇ ಇಲ್ಲ.
ಬರೀ ಗೀಟು.
ನಿಂತವು ನಾಲ್ಕು, ಅಡ್ಡಲಾಗಿ ಒಂದು,
ಹಲಗೆ ತುಂಬಿ, ಮೂಲೆ ತಿರುಗಿ, ಪಕ್ಕದ ಹಲಗೆಗೂ.
ಯಜಮಾನ ಇಣುಕಿ ನೋಡಿ ಅಂದ:
ಮುದುಕನಿಗೆ ಬರೆದೂ ಬರೆದೂ ಬೇಜಾರಾಗಿರಬೇಕು.

ಇರಬಹುದು.
ಆದರೆ ಮೊದಲ ಗೀಟು ನನ್ನ ಎದೆಮಟ್ಟಕ್ಕಿದೆ.
ಸಾಲಿನಿಂದ ಸಾಲಿಗೆ ಒಂದಿಷ್ಟಿಷ್ಟೇ ಏರುತ್ತ
ಗಲ್ಲ, ಮೂಗು, ಹುಬ್ಬು.
ಅಲ್ಲಿಂದಾಚೆಗೆ ಏರಿಲ್ಲ.
ಮುದುಕರು ಬೆಳೆಯುತ್ತಾರೆಯೇ?

ಮೆಟ್ಟುವ ದಿಮ್ಮಿಯ ಧೂಳು ಒರೆಸಿದೆ.
ಸವೆದ ಗುಳಿಯೊಂದು, ಅಗಲ, ಹಿಮ್ಮಡಿಯ ಕಡೆ ಆಳ.
ಆ ಗುಳಿಯೊಳಗೇ ಇನ್ನೊಂದು,
ನನ್ನ ಅಂಗೈ ಚಾಚಿದರೆ ಮುಚ್ಚಿಹೋಗುವಷ್ಟು.
ಮೂಲೆಯಲ್ಲಿ ಚೀಲ. ಯಾರದೋ ಏಪ್ರನ್ನನ್ನು
ಮಡಿಸಿ ಹೊಲಿದದ್ದು, ಹೆಗಲಿಗೆ ಎರಡು ಪಟ್ಟಿ.
ಒಳಗೆ ಒಡ್ಡಿನ ಕಲ್ಲು, ಆರು.

ಖರ್ಚಿನ ಪುಸ್ತಕವನ್ನು ಮತ್ತೆ ತೆರೆದೆ.
ಏಲರ್ಟ್ ಫೋಕನ್, ಕೂಲಿ ಸಂದಾಯ.
ಏಲರ್ಟ್ ಫೋಕನ್, ಕೂಲಿ ಸಂದಾಯ.
೧೯೨೬ರಲ್ಲಿ ವಿದ್ಯುತ್ತಿನ ಮೋಟಾರು ಬರುವ ತನಕ.
ಸಾವಿನ ಪುಸ್ತಕ ತೆರೆದೆ.
ಏಲರ್ಟ್ ಫೋಕನ್, ನ್ಯುಮೋನಿಯಾ, ೧೮೯೭, ಫೆಬ್ರವರಿ.
ಹಿಂದೆ ಉಳಿದವಳು: ಮಗಳು ಗೇಶೆ, ಹನ್ನೆರಡು ವರ್ಷ.

ಇಪ್ಪತ್ತೊಂಬತ್ತು ವರ್ಷ ಸತ್ತವನು ಸಂಬಳ ತಗೊಂಡ.
ಲೆಕ್ಕ ಬರೆವವನಿಗೆ ಗೊತ್ತಿತ್ತು, ಪಾದ್ರಿಗೆ ಗೊತ್ತಿತ್ತು,
ಗಂಟೆ ಜಗ್ಗಿ ಗಾಳಿ ಕೇಳುತ್ತಿದ್ದ ವಾದಕನಿಗೆ
ಪ್ರತಿ ಭಾನುವಾರ ಗೊತ್ತಿತ್ತು.
ಹುಡುಗಿ ಎಂದು ಬರೆಯಲು ಪುಸ್ತಕದಲ್ಲಿ ಕಾಲಮಿರಲಿಲ್ಲ.
ಹೆಸರು ಅಪ್ಪನದು, ಉಸಿರು ಮಗಳದು.

ಬೆಳೆದಂತೆ ಒಂದೊಂದೇ ಕಲ್ಲು ಇಳಿಸಿದಳೋ,
ಜ್ವರದ ದಿನ ಮತ್ತೆ ಏರಿಸಿಕೊಂಡಳೋ,
ಮೋಟಾರು ಬಂದ ಭಾನುವಾರ ಎಲ್ಲಿ ಕೂತಳೋ
ತಿಳಿಯದು. ಅಮೃತಶಿಲೆಯ ಕೆಳಗಂತೂ ಅಲ್ಲ.

ಚರ್ಮ ಹೊಸದಾಗಿ ಅಂಟಿಸಿ, ಒಣಗಲು ಬಿಟ್ಟು
ಹತ್ತನೆಯ ದಿನ ಮೋಟಾರು ಆರಿಸಿದೆವು.
ಅತ್ತ ಮಣೆಯ ಮುಂದೆ ಯಜಮಾನ. ಇತ್ತ ನಾನು.
ಗಂಟೆ ಟಿಣ್ ಅಂತು.
ದಿಮ್ಮಿಯ ಮೇಲೆ ನಿಂತೆ.
ಅದು ಕದಲಲಿಲ್ಲ.
ಕುಣಿದೆ. ಜೋತುಬಿದ್ದೆ. ನನ್ನ ಐವತ್ತು ಕಿಲೋಗೆ
ಅದು ನಕ್ಕಂತೆ ಕಿರ್ರೆಂದಿತು, ಅಷ್ಟೆ.

ಮತ್ತೆ ಗಂಟೆ.
ಚೀಲದ ಪಟ್ಟಿಗೆ ತೋಳು ತೂರಿಸಿದೆ. ಕಲ್ಲು ಬೆನ್ನಿಗೆ ತಣ್ಣಗೆ.
ಆ ಸಣ್ಣ ಗುಳಿಯಲ್ಲಿ ಪಾದದ ಮುಂತುದಿ ಮಾತ್ರ ಹಿಡಿಯಿತು.
ದಿಮ್ಮಿ ಮೆಲ್ಲಗೆ ಇಳಿಯಿತು.
ಎದುರು ತಿದಿ ಮಗ್ಗುಲಾಗಿ, ಮೈಮುರಿದು, ಎದ್ದಿತು.

ಗೋಡೆಯಾಚೆ ತಗ್ಗಿನ ಸ್ವರವೊಂದು ನೆಲ ನಡುಗಿಸಿತು.
ಯಜಮಾನ ಕೂಗಿದ:
ಬಂತು, ಬಂತು! ಇಂಕೆ,
ಒಳಗೆ ಎಷ್ಟು ಜನ ಇದ್ದೀರಿ?